ಟೊಳ್ಳು ಪಾತ್ರೆ ಎಲ್ಲಿ ಕೆಟ್ಟಿತು? ಸೀಳಿ ನೋಡಿ ಪತ್ತೆ ಮಾಡುವ ಕೈಪಿಡಿ

ಲೇತ್ ಮೇಲೆ ಮರದ ಪಾತ್ರೆಯ ಹೊರಮೈ ಕಡೆಯುವಾಗ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ. ಒಳಮೈ ಹಾಗಲ್ಲ. ಬಾಯಿ ಚಿಕ್ಕದಾದಷ್ಟೂ ಉಳಿಯ ತುದಿ ಮರೆಯಾಗುತ್ತದೆ. ಕೈಗೆ ಬರುವ ಅದುರು, ಕಿವಿಗೆ ಬೀಳುವ ಸದ್ದು, ಹೊರಗೆ ಬರುವ ಹೊಟ್ಟು, ಇಷ್ಟನ್ನೇ ನಂಬಿ ಕೆಲಸ ಮಾಡಬೇಕು. ಹಾಗಾಗಿ ಪಾತ್ರೆ ಕೆಟ್ಟಾಗ ಬಹಳ ಜನ ಕಾರಣವನ್ನು ಊಹಿಸುತ್ತಾರೆ. ಮರ ಸರಿ ಇರಲಿಲ್ಲ ಅನ್ನುತ್ತಾರೆ, ಅಥವಾ ಹೊಸ ಉಳಿ ತರಬೇಕು ಅನ್ನುತ್ತಾರೆ. ಒಡೆದ ತುಂಡುಗಳು ಒಲೆಗೆ ಹೋಗುತ್ತವೆ. ಮುಂದಿನ ಪಾತ್ರೆಯೂ ಅದೇ ಜಾಗದಲ್ಲಿ ಕೆಡುತ್ತದೆ.

ಆ ತುಂಡುಗಳನ್ನು ಒಲೆಗೆ ಹಾಕಬೇಡಿ. ಕೆಟ್ಟ ಪಾತ್ರೆಯನ್ನು ಬಾಯಿಂದ ತಳದವರೆಗೆ ನಟ್ಟನಡುವೆ ಸೀಳಿ ನೋಡಿ. ಗೋಡೆ ಎಲ್ಲಿ ದಪ್ಪ ಉಳಿಯಿತು, ಉಳಿ ಎಲ್ಲಿ ಕಚ್ಚಿತು, ಬಿರುಕು ಎಲ್ಲಿಂದ ಹೊರಟಿತು, ಎಲ್ಲ ಕಾಣುತ್ತದೆ. ಒಂದು ಮಾತು ನೆನಪಿರಲಿ: ಗುರುತು ಕಾಣುವ ಜಾಗ ಒಂದು, ಕಾರಣ ಇರುವ ಜಾಗ ಇನ್ನೊಂದು. ಬಹಳ ಸಲ ಹೀಗೇ ಇರುತ್ತದೆ.

ಇಲ್ಲಿ ಹೇಳುವುದು ಮುಖ್ಯವಾಗಿ ಎರಡು ಬಗೆಯ ಪಾತ್ರೆಗಳಿಗೆ. ಒಂದು, ಚನ್ನಪಟ್ಟಣದ ಕಡೆ ಆಲೆಮರದಲ್ಲಿ ಕಡೆಯುವ ಕುಂಕುಮದ ಭರಣಿಯಂಥವು. ಇವುಗಳಲ್ಲಿ ಮರದ ನಾರು ಬಾಯಿಂದ ತಳಕ್ಕೆ ಉದ್ದಕ್ಕೆ ಓಡುತ್ತದೆ. ಸಣ್ಣ ಬಾಯಿಯ ಹೂದಾನಿಯನ್ನೂ ಸಾಮಾನ್ಯವಾಗಿ ಹೀಗೆಯೇ ಕಡೆಯುತ್ತಾರೆ. ಇನ್ನೊಂದು, ಹಲಗೆಯಿಂದಲೋ ಸೀಳಿದ ದಿಮ್ಮಿಯಿಂದಲೋ ಕಡೆಯುವ ಬಟ್ಟಲು. ಇದರಲ್ಲಿ ನಾರು ಅಡ್ಡಕ್ಕೆ ಮಲಗಿರುತ್ತದೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಮೊದಲು ಸೀಳುವುದು ಹೇಗೆ

ಕೈಗರಗಸವೇ ಸಾಕು. ವೈಸ್‌ನಲ್ಲಿ ಎರಡು ಕಡೆ ಬಟ್ಟೆ ಇಟ್ಟು, ಪಾತ್ರೆಯನ್ನು ಮೆಲ್ಲಗೆ ಹಿಡಿಸಿ, ಬಾಯಿಂದ ಶುರು ಮಾಡಿ. ಬ್ಯಾಂಡ್‌ಸಾ (ಪಟ್ಟಿ ಬ್ಲೇಡಿನ ಯಂತ್ರಗರಗಸ) ಇದ್ದವರು ಸುಮ್ನೆ ಕೈಯಲ್ಲಿ ಹಿಡಿದು ದೂಡಬೇಡಿ. ದುಂಡಗಿನ ವಸ್ತುವನ್ನು ಬ್ಲೇಡ್ ಗಿರ್ರನೆ ತಿರುಗಿಸಿಬಿಡುತ್ತದೆ, ಜೊತೆಗೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಪಾತ್ರೆ ಉರುಳದಂತೆ ಒಂದು ಚಪ್ಪಟೆ ಹಲಗೆಗೆ ಬಿಸಿ ಗೋಂದಿನಿಂದ ಅಂಟಿಸಿ, ಆಮೇಲೆ ಹಲಗೆ ಸಮೇತ ದೂಡಿ. ಪಾತ್ರೆ ಚೂರಾಗಿದ್ದರೆ ಚೂರುಗಳನ್ನು ಟೇಪ್ ಸುತ್ತಿ ಮೊದಲಿನ ರೂಪಕ್ಕೆ ತನ್ನಿ. ಗಟ್ಟಿಯಾಗಿ ನಿಂತರೆ ಸೀಳಿ, ಇಲ್ಲದಿದ್ದರೆ ಚೂರುಗಳ ಅಂಚನ್ನೇ ಓದಿ.

ಸೀಳಿದ ಮೈಯನ್ನು 120ರ ಉಪ್ಪುಕಾಗದದಲ್ಲಿ ಒಂದು ಸಲ ಉಜ್ಜಿ. ಬಾಯಿಂದ ಶುರು ಮಾಡಿ ಒಂದೊಂದು ಸೆಂಟಿಮೀಟರಿಗೂ ಗೋಡೆಯ ದಪ್ಪ ಅಳೆದು ಪೆನ್ಸಿಲಿನಲ್ಲಿ ಮರದ ಮೇಲೆಯೇ ಬರೆಯಿರಿ. ತಳದ ನಡುವೆ ಎಷ್ಟು, ತಳ ಗೋಡೆಗೆ ತಿರುಗುವ ಮೂಲೆಯಲ್ಲಿ ಎಷ್ಟು ಅನ್ನುವುದನ್ನು ಬೇರೆಯಾಗಿ ಬರೆಯಿರಿ. ಈ ಅಂಕಿಗಳಿಲ್ಲದೆ ನೋಡಿದರೆ ಕಣ್ಣು ಮೋಸ ಹೋಗುತ್ತದೆ.

ಗೆಳೆಯರೊಬ್ಬರ ಹೂದಾನಿಯ ಉದಾಹರಣೆ ಹೇಳುತ್ತೇನೆ. ಕೊಡಗಿನ ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಮರ, ಇನ್ನೂ ಪೂರ್ತಿ ಒಣಗಿರಲಿಲ್ಲ. ಕಡೆದು ಮುಗಿಸಿ ಇಟ್ಟ ಕೆಲವೇ ದಿನದಲ್ಲಿ ಹೊಟ್ಟೆಯ ಭಾಗ ಸೀಳಿತು. ಮರದಲ್ಲೇ ದೋಷ ಎಂದು ಅವರು ತೀರ್ಮಾನಿಸಿದ್ದರು. ಸೀಳಿ ಅಳೆದಾಗ ಬಾಯಿ ಹತ್ತಿರ 6 ಮಿ.ಮೀ., ಹೊಟ್ಟೆಯಲ್ಲಿ 4, ತಳದ ಮೂಲೆಯಲ್ಲಿ ಮಾತ್ರ 15. ಹೊಟ್ಟೆ ಬೇಗ ಒಣಗಿ ಕುಗ್ಗಲು ನೋಡಿದೆ. ಮೂಲೆ ಇನ್ನೂ ಹಸಿಯಾಗಿ ದಪ್ಪಗೆ ನಿಂತು ಬಿಟ್ಟುಕೊಟ್ಟಿಲ್ಲ. ಸೀಳಿದ್ದು ಹೊಟ್ಟೆ, ತಪ್ಪು ಮೂಲೆಯದು. ಮೂಲೆ ಯಾಕೆ ದಪ್ಪ ಉಳಿಯಿತು ಎಂದು ಹುಡುಕಿದರೆ ಉತ್ತರ ಬಾಯಿಯ ಅಂಚಿನಲ್ಲಿತ್ತು. ಅಲ್ಲಿ ಕಪ್ಪಗೆ, ಹೊಳೆಯುವ ಒಂದು ಪಟ್ಟಿ. ಉಳಿಯ ಕಾವು, ಅಂದರೆ ಹಿಡಿಗೂ ತುದಿಗೂ ನಡುವಿನ ಕಂಬಿ, ಅಂಚಿಗೆ ಉಜ್ಜುತ್ತಲೇ ಇತ್ತು. ನೇರ ಉಳಿಗೆ ಮೂಲೆಯವರೆಗೆ ತಿರುಗಲು ಜಾಗವೇ ಇರಲಿಲ್ಲ.

ತಳ ತೂತು ಬಿದ್ದರೆ

ತೂತು ತಳದ ನಟ್ಟನಡುವೆ ಬಿದ್ದಿದೆಯೋ, ಮೂಲೆಯಲ್ಲಿ ಬಿದ್ದಿದೆಯೋ ಮೊದಲು ನೋಡಿ. ಎರಡಕ್ಕೂ ಸಂಬಂಧವೇ ಇಲ್ಲ.

ನಡುವೆ ಬಿದ್ದರೆ ಆಳದ ಲೆಕ್ಕ ತಪ್ಪಿದೆ. ಬಹುಪಾಲು ಸಲ ಚಕ್ (ಮರವನ್ನು ದವಡೆಗಳಲ್ಲಿ ಕಚ್ಚಿ ತಿರುಗಿಸುವ ಲೇತ್‌ನ ಭಾಗ) ಹಿಡಿಯಲೆಂದು ತಳದಲ್ಲಿ ಬಿಟ್ಟ ಗೂಟವನ್ನು ಪಾತ್ರೆಯ ಎತ್ತರಕ್ಕೆ ಸೇರಿಸಿ ಎಣಿಸಿರುತ್ತಾರೆ. ಆ ಗೂಟ ಕೊನೆಗೆ ಕತ್ತರಿಸಿ ಹೋಗುವಂಥದ್ದು. ಕಡೆಯಲು ಶುರು ಮಾಡುವ ಮೊದಲೇ ಪಾತ್ರೆಯ ತಳ ಎಲ್ಲಿ ಮುಗಿಯುತ್ತದೆ ಎಂದು ಹೊರಮೈಯಲ್ಲಿ ಪೆನ್ಸಿಲಿನಿಂದ ಸುತ್ತು ಗೆರೆ ಎಳೆಯಿರಿ. ಬಾಯಿಂದ ಆ ಗೆರೆಗೆ 75 ಮಿ.ಮೀ. ಇದೆ, ತಳ 8 ಮಿ.ಮೀ. ಬೇಕು ಎಂದಿಟ್ಟುಕೊಳ್ಳಿ. ಒಳಗಿನ ಆಳ 67. ಟೇಲ್‌ಸ್ಟಾಕಿನಲ್ಲಿ (ಚಕ್ಕಿಗೆ ಎದುರಿರುವ ಲೇತ್‌ನ ಭಾಗ) ಡ್ರಿಲ್ ಕಟ್ಟಿ ನಡುವೆ ತೂತು ಕೊರೆಯುವಾಗ 63-64ಕ್ಕೇ ನಿಲ್ಲಿಸಿ. ಡ್ರಿಲ್ ಮೇಲೆ ಆ ಅಳತೆಗೆ ಟೇಪ್ ಸುತ್ತಿರಿ. ಉಳಿದ ಮೂರು ನಾಲ್ಕು ಮಿಲಿಮೀಟರ್ ಉಳಿಯಿಂದ ನುಣುಪು ಮಾಡಲು ಬೇಕು. ಚಪ್ಪಟೆ ತಳದ ತೂತು ಕೊರೆಯುವ ಫಾರ್ಸ್ನರ್ ಬಿಟ್ ಬಳಸುವವರು ಇನ್ನೊಂದು ನೋಡಿಕೊಳ್ಳಿ. ಅದರ ನಡುವಿನ ಮೊನೆ ಅಂಚಿಗಿಂತ ಮುಂದೆ ಹೋಗುತ್ತದೆ. ಅಳತೆಯನ್ನು ಮೊನೆಯಿಂದ ಹಿಡಿಯಬೇಕು, ಅಂಚಿನಿಂದಲ್ಲ.

ಮೂಲೆಯಲ್ಲಿ ತೂತು ಬಿದ್ದರೆ ಆಳದ ಲೆಕ್ಕ ಸರಿಯಾಗಿಯೇ ಇದೆ, ಆಕಾರದ ಲೆಕ್ಕ ತಪ್ಪಿದೆ. ಹೊರಮೈ ತಳದ ಕಡೆ ಚೂಪಾಗಿ ಒಳಕ್ಕೆ ಇಳಿದಿದೆ, ಒಳಗೆ ಉಳಿ ನೇರ ಇಳಿದಿದೆ. ಎರಡೂ ಒಂದು ಕಡೆ ಸೇರಿಬಿಟ್ಟಿವೆ. ಹೊರ ಆಕಾರದ ಅರ್ಧ ಭಾಗವನ್ನು ರಟ್ಟಿನಲ್ಲಿ ಕತ್ತರಿಸಿ ಲೇತ್ ಪಕ್ಕದಲ್ಲೇ ಇಡಿ. ಅದರ ಒಳಗೆ ಬೇಕಾದ ದಪ್ಪ ಬಿಟ್ಟು ಇನ್ನೊಂದು ಗೆರೆ ಎಳೆಯಿರಿ. ಉಳಿಯನ್ನು ಎಷ್ಟು ಆಳಕ್ಕೆ ಬಿಟ್ಟಾಗ ಎಷ್ಟು ಅಗಲಕ್ಕೆ ಹೋಗಬಹುದು ಅನ್ನುವುದು ಆ ಗೆರೆ ನೋಡಿದರೆ ತಿಳಿಯುತ್ತದೆ.

ಗೋಡೆ ಒಂದೇ ಸಮ ಇಲ್ಲದಿದ್ದರೆ

ಎರಡು ಜಾಗದಲ್ಲಿ ದಪ್ಪ ಉಳಿಯುವುದು ಮಾಮೂಲು. ಒಂದು ಆಗಲೇ ಹೇಳಿದ ತಳದ ಮೂಲೆ. ಇನ್ನೊಂದು ಬಾಯಿಯ ಕೆಳಗೆ ಹೆಗಲಿನ ಒಳಭಾಗ. ನೇರ ಉಳಿ ಹೆಗಲಿನ ಕೆಳಗೆ ಮುಟ್ಟುವುದೇ ಇಲ್ಲ, ಅಲ್ವಾ? ಅದಕ್ಕೆ ಬಾಗಿದ ಉಳಿ ಬೇಕು.

ಬಾಗಿದ ಉಳಿ ಕೊಳ್ಳುವಾಗ ಅಥವಾ ಕುಲುಮೆಯಲ್ಲಿ ಮಾಡಿಸುವಾಗ ಒಂದು ವಿಷಯ ಪರೀಕ್ಷಿಸಿ. ಕತ್ತರಿಸುವ ತುದಿ ಎಷ್ಟೇ ಬಾಗಿ ಬಂದರೂ ಕೊನೆಗೆ ಕಾವಿನ ನಡುಗೆರೆಗೆ ಹತ್ತಿರ ಬಂದು ನಿಲ್ಲಬೇಕು. ತುದಿ ಆ ಗೆರೆಯಿಂದ ದೂರ ಪಕ್ಕಕ್ಕೆ ಚಾಚಿದ್ದರೆ ಮರ ಅದನ್ನು ಕೆಳಕ್ಕೆ ಒತ್ತಿದಾಗ ಇಡೀ ಕಾವು ಕೈಯಲ್ಲಿ ತಿರುಚಿಕೊಳ್ಳುತ್ತದೆ. ಎಷ್ಟು ಬಿಗಿಯಾಗಿ ಹಿಡಿದರೂ ನಿಲ್ಲದು. ಇನ್ನೂ ಒಂದು: ಉಳಿಗೆ ಆಸರೆ ಕೊಡುವ ಟೂಲ್‌ರೆಸ್ಟ್ ಮೇಲೆ ಕಾವಿನ ನೇರ ಭಾಗ ಕೂರಬೇಕು, ಬಾಗಿದ ಭಾಗ ಕೂರಬಾರದು. ಬಾಗಿದ ಭಾಗ ರೆಸ್ಟ್ ಮೇಲೆ ಬಂದರೆ ಅದೇ ತಿರುಚಾಟ.

ಕೆಲಸದ ನಡುವೆ ದಪ್ಪ ಅಳೆಯಲು ದುಬಾರಿ ಕ್ಯಾಲಿಪರ್ ಬೇಕಿಲ್ಲ. ಗಟ್ಟಿ ಜಿಐ ತಂತಿಯನ್ನು ಹೇರ್‌ಪಿನ್ ಹಾಗೆ ಬಗ್ಗಿಸಿ. ಎರಡು ತುದಿಗಳ ನಡುವೆ 20 ಮಿ.ಮೀ. ಬಿಡಿ. ಲೇತ್ ನಿಲ್ಲಿಸಿ ಒಂದು ತುದಿಯನ್ನು ಒಳಗೆ ಇಳಿಸಿ ಗೋಡೆಗೆ ತಾಗಿಸಿ. ಹೊರಗಿನ ತುದಿಗೂ ಹೊರಮೈಗೂ ನಡುವೆ 14 ಮಿ.ಮೀ. ಉಳಿದರೆ ಗೋಡೆ 6 ಇದೆ. 10 ಉಳಿದರೆ ಗೋಡೆಯೂ 10. ತಂತಿಯನ್ನು ಮೇಲಿಂದ ಕೆಳಕ್ಕೆ ಜಾರಿಸುತ್ತಾ ಹೋದರೆ ಎಲ್ಲಿ ಉಬ್ಬಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಐದಾರು ನಿಮಿಷಕ್ಕೊಮ್ಮೆ ಅಳೆಯಿರಿ. ಅಳೆಯಲು ಬೇಜಾರು ಪಡುವವರ ಪಾತ್ರೆಗಳೇ ಜಾಸ್ತಿ ಸೀಳಿ ನೋಡಬೇಕಾಗಿ ಬರುತ್ತವೆ.

ಸದ್ದನ್ನೂ ಕೇಳುತ್ತಿರಿ. ಒಂದೇ ಆಳದಲ್ಲಿ ಕಡೆಯುತ್ತಿದ್ದಾಗ ಸದ್ದು ಇದ್ದಕ್ಕಿದ್ದ ಹಾಗೆ ಬೇರೆಯಾದರೆ ನಿಲ್ಲಿಸಿ. ಗೋಡೆ ತೆಳುವಾಗಿರಬಹುದು, ಬಿರುಕು ಬಿಟ್ಟಿರಬಹುದು, ಅಥವಾ ಚಕ್ ಹಿಡಿತ ಸಡಿಲಾಗಿರಬಹುದು. ಮೂರರಲ್ಲಿ ಯಾವುದಾದರೂ ಮುಂದುವರಿಸುವುದು ಅಪಾಯ.

ಒಳಗೆ ಒಂದೇ ಒಂದು ಆಳವಾದ ಗಾಯ ಇದ್ದರೆ

ಇದು ಉಳಿ ಕಚ್ಚಿದ ಗುರುತು. ಒಂದು ಕ್ಷಣದಲ್ಲಿ ತುದಿ ಮರದೊಳಗೆ ನುಗ್ಗಿ, ಹಿಡಿ ಕೈಯಿಂದ ಕಿತ್ತುಕೊಂಡು, ಪಾತ್ರೆ ಚಕ್ಕಿನಿಂದ ಹಾರಿರಬಹುದು. ಕಡೆಯುವವರು ಜಾಸ್ತಿ ಹೆದರುವುದು ಇದಕ್ಕೇ, ಹೆದರಬೇಕಾದ್ದೂ ಹೌದು. ಮುಖಕ್ಕೆ ಪೂರ್ತಿ ಶೀಲ್ಡ್ ಇಲ್ಲದೆ ಟೊಳ್ಳು ಕಡೆಯಬೇಡಿ, ಬರೀ ಕನ್ನಡಕ ಸಾಲದು. ಲೇತ್ ಚಾಲು ಮಾಡುವಾಗ ಪಾತ್ರೆಯ ಎದುರು ನೇರ ಸಾಲಿನಲ್ಲಿ ನಿಲ್ಲಬೇಡಿ.

ಗಾಯ ಯಾವ ಜಾಗದಲ್ಲಿದೆ ಅನ್ನುವುದರ ಮೇಲೆ ಕಾರಣ ಬದಲಾಗುತ್ತದೆ.

ಗೋಡೆಯ ನಡುಭಾಗದಲ್ಲಿದ್ದರೆ ತುದಿಯ ಎತ್ತರ ನೋಡಿ. ಪಾತ್ರೆಯ ನಡುಗೆರೆಯ (ಪಾತ್ರೆ ತಿರುಗುವ ಅಕ್ಷದ) ಎತ್ತರಕ್ಕಿಂತ ತುದಿ ಕೆಳಗಿದ್ದರೆ ಕಚ್ಚುವುದು ಖಚಿತ ಎಂದೇ ತಿಳಿಯಿರಿ. ಯಾಕೆ ಅಂದರೆ, ನಿಮ್ಮ ಕಡೆಯ ಗೋಡೆ ಮೇಲಿಂದ ಕೆಳಕ್ಕೆ ತಿರುಗುತ್ತದೆ, ಉಳಿಯನ್ನೂ ಕೆಳಕ್ಕೆ ಒತ್ತುತ್ತದೆ. ದುಂಡಗಿನ ಒಳಮೈ ನಡುಗೆರೆಯ ಎತ್ತರದಲ್ಲಿ ಎಲ್ಲಕ್ಕಿಂತ ಅಗಲ. ಅಲ್ಲಿಂದ ಕೆಳಗೆ ಹೋದಂತೆ ಗೋಡೆ ಒಳಕ್ಕೆ ಬರುತ್ತದೆ. ನಡುಗೆರೆಗಿಂತ ಕೆಳಗಿರುವ ತುದಿ ಇನ್ನೂ ಕೆಳಗೆ ಬಗ್ಗಿದರೆ ಮರದೊಳಗೆ ಇನ್ನಷ್ಟು ಇಳಿಯುತ್ತದೆ. ಹೆಚ್ಚು ಇಳಿದಷ್ಟೂ ಹೆಚ್ಚು ಬಗ್ಗುತ್ತದೆ. ತುದಿ ನಡುಗೆರೆಗಿಂತ ಒಂದೆರಡು ಮಿಲಿಮೀಟರ್ ಮೇಲಿದ್ದರೆ ಇದು ತಿರುಗಾ ಮುರುಗಾ. ಬಗ್ಗಿದ ತುದಿ ಅಗಲವಾದ ಜಾಗಕ್ಕೆ ಬಂದು ಮರದಿಂದ ಬಿಡಿಸಿಕೊಳ್ಳುತ್ತದೆ. ಹೊರಮೈಗೆ ಈ ನಿಯಮ ಉಲ್ಟಾ. ಹೊರಗೆ ಸ್ಕ್ರೇಪರ್ (ಮರವನ್ನು ಕೆರೆದು ತೆಗೆಯುವ ಉಳಿ) ನಡುಗೆರೆಗಿಂತ ಒಂದಿಷ್ಟು ಕೆಳಗಿರಬೇಕು. ಹೊರಮೈ ಮುಗಿಸಿ ಒಳಗೆ ಹೋಗುವಾಗ ಟೂಲ್‌ರೆಸ್ಟ್ ಎತ್ತರ ಬದಲಿಸದೆ ಬಿಟ್ಟವರಿಗೆ ಈ ಗಾಯ ತಪ್ಪಿದ್ದಲ್ಲ.

ರೆಸ್ಟ್ ಎತ್ತರ ಸರಿ ಇದ್ದೂ ಗಾಯ ಆಗಿದ್ದರೆ ಮುಂಚಾಚು ನೋಡಿ, ಅಂದರೆ ರೆಸ್ಟ್‌ನಿಂದ ಮುಂದೆ ಎಷ್ಟು ಉದ್ದ ಕಾವು ಗಾಳಿಯಲ್ಲಿತ್ತು ಅಂತ. ಇಲ್ಲಿ ಲೆಕ್ಕ ಬಹಳ ಕಟುವಾಗಿದೆ. ಮುಂಚಾಚು ಎರಡರಷ್ಟಾದರೆ ಅದೇ ಒತ್ತಡಕ್ಕೆ ಕಾವು ಎಂಟರಷ್ಟು ಬಗ್ಗುತ್ತದೆ. ಕಾವಿನ ವ್ಯಾಸ ಎರಡರಷ್ಟು ಮಾಡಿದರೆ ಬಗ್ಗುವುದು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಆಳ ಹೋಗಬೇಕಾದಾಗ ಗಟ್ಟಿಯಾಗಿ ಹಿಡಿಯುವುದಕ್ಕಿಂತ ದಪ್ಪ ಕಾವು ಬಳಸುವುದೇ ದಾರಿ. ಬಾಯಿ ಅಗಲ ಇದ್ದರೆ ರೆಸ್ಟನ್ನೇ ಪಾತ್ರೆಯ ಒಳಗೆ ತೂರಿಸಿ, ಮುಂಚಾಚು ಅರ್ಧಕ್ಕೆ ಇಳಿಯುತ್ತದೆ. ಹಿಡಿಯೂ ಉದ್ದ ಬೇಕು. ಮುಂಚಾಚಿನ ನಾಲ್ಕೈದರಷ್ಟು ಉದ್ದ ಹಿಂದೆ ಇದ್ದರೆ ಕೈಗೆ ಭಾರ ಅನಿಸುವುದಿಲ್ಲ.

ಗಾಯ ತಳದ ಮೂಲೆಯಲ್ಲಿದ್ದರೆ ತುದಿಯ ಅಗಲವನ್ನು ಅನುಮಾನಿಸಿ. ಅಗಲ ಸ್ಕ್ರೇಪರ್ ಮೂಲೆಗೆ ಬಂದಾಗ ಒಂದು ಅಂಚು ಗೋಡೆಗೂ ಇನ್ನೊಂದು ಅಂಚು ತಳಕ್ಕೂ ಒಟ್ಟಿಗೆ ತಾಗುತ್ತದೆ. ಎರಡು ಕಡೆಯಿಂದ ಎಳೆತ ಬಂದರೆ ಯಾರ ಕೈಯೂ ತಡೆಯದು. ಮೂಲೆಗೆ 5-6 ಮಿ.ಮೀ. ಅಗಲದ ದುಂಡು ತುದಿ ಸಾಕು. ಅದು ಮೆಲ್ಲಗೆ ಹೋಗುತ್ತದೆ, ಹೋಗಲಿ.

ಬಾಯಿಯ ಒಳ ಅಂಚಿನಲ್ಲೇ ಗಾಯ ಇದ್ದರೆ ಬಹುಶಃ ಉಳಿಯನ್ನು ಒಳಗೆ ಹಾಕುವಾಗಲೋ ಹೊರಗೆ ತೆಗೆಯುವಾಗಲೋ ತಾಗಿದೆ. ತಿರುಗುವ ಪಾತ್ರೆಯೊಳಗೆ ಉಳಿ ಇಳಿಸುವಾಗ ಮೊದಲು ಕಾವು ರೆಸ್ಟ್ ಮೇಲೆ ಕೂರಬೇಕು, ಆಮೇಲೆ ತುದಿ ಮರಕ್ಕೆ ತಾಗಬೇಕು. ಬಾಗಿದ ಉಳಿ ಆದರೆ ಲೇತ್ ನಿಲ್ಲಿಸಿಯೇ ಒಳಗೆ ಹಾಕಿ, ನಿಲ್ಲಿಸಿಯೇ ಹೊರಗೆ ತೆಗೆಯಿರಿ.

ಸಣ್ಣ ಬಾಯಿಯ ಪಾತ್ರೆಯಲ್ಲಿ ಹೊಟ್ಟು ತುಂಬಿಕೊಂಡರೂ ಉಳಿ ಕಚ್ಚುತ್ತದೆ. ತಿರುಗುವಾಗ ಹೊಟ್ಟು ಗೋಡೆಗೆ ಒತ್ತಿ ಕೂತು ತುದಿಯ ಸುತ್ತ ಬಿಗಿದುಕೊಳ್ಳುತ್ತದೆ. ಆಗಾಗ ಲೇತ್ ನಿಲ್ಲಿಸಿ ಗಾಳಿ ಊದಿ ಅಥವಾ ಉದ್ದ ಚಮಚದಲ್ಲಿ ತೋಡಿ ತೆಗೆಯಿರಿ. ತಿರುಗುವಾಗ ಬೆರಳು ಮಾತ್ರ ಹಾಕಬೇಡಿ. ಉಪ್ಪುಕಾಗದವನ್ನೂ ಬೆರಳಿಗೆ ಸುತ್ತಿ ಒಳಗೆ ಹಾಕಬಾರದು, ಕೋಲಿಗೆ ಅಂಟಿಸಿ ಬಳಸಬೇಕು.

ಒಳಗೆಲ್ಲ ಸುರುಳಿ ಸುರುಳಿ ಏಣುಗಳಿದ್ದರೆ

ಗಾಯ ಒಂದೇ ಅಲ್ಲ, ಒಂದೇ ಅಂತರದಲ್ಲಿ ಓರೆಯಾಗಿ ಸಾಲು ಸಾಲು ಏಣುಗಳು. ಸೀಳಿದ ಮೈಯಲ್ಲಿ ಬೆರಳಾಡಿಸಿದರೆ ತಟ್ಟುತ್ತವೆ. ಇದು ಅದುರಿನ ಗುರುತು. ಅದುರಿದ್ದು ಯಾವುದು ಅನ್ನುವುದೇ ಪ್ರಶ್ನೆ: ಉಳಿಯಾ, ಗೋಡೆಯಾ, ಚಕ್ ಹಿಡಿತವಾ?

ಏಣುಗಳು ಆಳ ಹೋದಷ್ಟೂ ದೊಡ್ಡದಾಗಿದ್ದರೆ ಉಳಿ ಅದುರಿದೆ. ಮುಂಚಾಚಿನ ವಿಷಯ ಆಗಲೇ ಹೇಳಿದೆ.

ಪೆನ್ಸಿಲ್ ಅಂಕಿಗಳಲ್ಲಿ ಗೋಡೆ ಎಲ್ಲಿ ತೆಳುವೋ ಅಲ್ಲೇ ಏಣು ದೊಡ್ಡದಿದ್ದರೆ ಗೋಡೆ ಅದುರಿದೆ. ಇದಕ್ಕೆ ಕಾರಣ ಕೆಲಸದ ಕ್ರಮ. ತಳದವರೆಗೆ ಪೂರ್ತಿ ತೋಡಿ, ಆಮೇಲೆ ಬಾಯಿಂದ ತೆಳು ಮಾಡುತ್ತಾ ಬಂದರೆ ಗೋಡೆಗೆ ಆಸರೆಯೇ ಇರುವುದಿಲ್ಲ. ಬಾಯಿಯ ಹತ್ತಿರ 25 ಮಿ.ಮೀ. ಆಳದಷ್ಟು ಭಾಗವನ್ನು ಬೇಕಾದ ದಪ್ಪಕ್ಕೆ ತಂದು ಮುಗಿಸಿಬಿಡಿ. ಕೆಳಗಿನ ಮರ ಗಟ್ಟಿಯಾಗಿ ಇರಲಿ. ಆಮೇಲೆ ಮುಂದಿನ 25. ಮುಗಿಸಿದ ಜಾಗಕ್ಕೆ ಮತ್ತೆ ಉಳಿ ಹಚ್ಚಬೇಡಿ, ಎಷ್ಟೇ ಆಸೆಯಾದರೂ. ಹಸಿಮರವಾದರೆ ಇದು ಇನ್ನೂ ಮುಖ್ಯ. ಕಡೆಯುತ್ತಿರುವಾಗಲೇ ಬಾಯಿ ಕುಗ್ಗಿ ದುಂಡು ಕಳೆದುಕೊಳ್ಳುತ್ತಿರುತ್ತದೆ. ಅರ್ಧ ಗಂಟೆ ಬಿಟ್ಟು ವಾಪಸ್ ಹೋದರೆ ಅಲ್ಲಿರುವುದು ಬೇರೆಯದೇ ಆಕಾರ. ಉದ್ದದ ಹೂದಾನಿ ಕಡೆಯುವವರಿಗೆ ಹೊರಗಿನಿಂದ ಚಕ್ರಗಳಲ್ಲಿ ಹಿಡಿಯುವ ಸ್ಟೆಡಿ ರೆಸ್ಟ್ ಬೇಕೇ ಬೇಕು.

ಏಣುಗಳು ಬಾಯಿಂದ ತಳದವರೆಗೂ, ಹೊರಮೈಯಲ್ಲೂ ಒಂದೇ ಥರ ಇದ್ದರೆ ಹಿಡಿತವನ್ನು ಅನುಮಾನಿಸಿ. ಪರೀಕ್ಷೆ ಸುಲಭ. ಲೇತ್ ನಿಲ್ಲಿಸಿ ಪಾತ್ರೆಯ ಬಾಯನ್ನು ಹಿಡಿದು ಮೇಲೆ ಕೆಳಗೆ ಒತ್ತಿ. ಚಕ್ ಹತ್ತಿರ ಕೂದಲೆಳೆಯಷ್ಟು ಸಂದು ತೆರೆದು ಮುಚ್ಚಿದರೆ ಗೂಟ ಸರಿಯಾಗಿ ಕೂತಿಲ್ಲ. ಚಕ್ ಮತ್ತು ಪಾತ್ರೆ ಒಟ್ಟಿಗೇ ಅಲುಗಿದರೆ ಬೇರಿಂಗ್ ನೋಡಿಸಿ.

ಗೂಟದ ವಿಷಯದಲ್ಲಿ ನನಗೆ ಬಹಳ ಗಟ್ಟಿ ಅಭಿಪ್ರಾಯ ಇದೆ: ಟೊಳ್ಳು ಕಡೆಯುವ ಕೆಲಸದಲ್ಲಿ ಅರ್ಧ ತೊಂದರೆಗಳು ಕೆಟ್ಟ ಗೂಟದಿಂದಲೇ ಹುಟ್ಟುತ್ತವೆ. ಗೂಟದ ತುದಿ ಚಕ್ಕಿನ ಒಳತಳಕ್ಕೆ ತಾಗಬಾರದು. ಗೂಟದ ಬುಡದಲ್ಲಿರುವ ಚಪ್ಪಟೆ ಮೈ ದವಡೆಗಳ ಮುಖಕ್ಕೆ ಸುತ್ತಲೂ ಒತ್ತಿ ಕೂರಬೇಕು. ಆ ಮೈಯೇ ಅಲುಗಾಟ ತಡೆಯುವುದು. ದವಡೆಗೆ ಪಾರಿವಾಳದ ಬಾಲದ ಓರೆ ಇದ್ದರೆ ಗೂಟಕ್ಕೂ ಅದೇ ಓರೆ ಕೊಡಿ. ದವಡೆಗಳು ಹೆಚ್ಚುಕಡಿಮೆ ಪೂರ್ತಿ ಮುಚ್ಚಿ, ನಾಲ್ಕೂ ಸೇರಿ ಒಂದು ಸರಿಯಾದ ವೃತ್ತ ಆಗುವ ಅಳತೆಗೆ ಗೂಟ ಇರಲಿ. ತೀರಾ ತೆರೆದು ಹಿಡಿದರೆ ದವಡೆಯ ಮೂಲೆಗಳು ಮಾತ್ರ ಕಚ್ಚುತ್ತವೆ. ಹಸಿಮರದ ಗೂಟ ಒತ್ತಡಕ್ಕೆ ಅಮುಕಿಕೊಳ್ಳುತ್ತದೆ, ಆದ್ದರಿಂದ ಸ್ವಲ್ಪ ಹೊತ್ತು ಕಡೆದ ಮೇಲೆ ಮತ್ತೆ ಒಂದು ಸಲ ಬಿಗಿ ಮಾಡಿ. ಗೂಟದಲ್ಲಿ ಬಿರುಕೋ ತಿರುಳೋ (ಕೊಂಬೆಯ ನಡುವಿನ ಮೆದು ಭಾಗ) ಇದ್ದರೆ ಆ ತುಂಡನ್ನು ಅಲ್ಲಿಗೇ ಕೈಬಿಡಿ.

ಒಳಮೈ ಕಿತ್ತು ಹೋದ ಹಾಗೆ ಒರಟಾಗಿದ್ದರೆ

ಮೊದಲನೆಯ ಉತ್ತರ ಯಾವಾಗಲೂ ಸಾಣೆ. ಮೊಂಡ ಉಳಿ ನಾರನ್ನು ಕತ್ತರಿಸುವುದಿಲ್ಲ, ಕೀಳುತ್ತದೆ. ಹೊಟ್ಟು ನೋಡಿದರೂ ಗೊತ್ತಾಗುತ್ತದೆ. ಎಳೆ ಎಳೆಯಾಗಿ ಬರುತ್ತಿದ್ದದ್ದು ಪುಡಿಯಾಗಿ ಬರಲು ಶುರುವಾದರೆ ಸಾಣೆಗೆ ಹೋಗಿ.

ಹರಿತ ಇದ್ದೂ ಒರಟಾಗಿದ್ದರೆ ದಿಕ್ಕು ತಪ್ಪಿದೆ. ನಾರು ಉದ್ದಕ್ಕೆ ಇರುವ ಭರಣಿಯ ಒಳಗೆ ತಳದ ನಡುವಿನಿಂದ ಹೊರಟು ಬಾಯಿಯ ಕಡೆಗೆ ಕತ್ತರಿಸುತ್ತಾ ಬರಬೇಕು. ನಾರು ಅಡ್ಡಕ್ಕೆ ಇರುವ ಬಟ್ಟಲಲ್ಲಿ ಬಾಯಿಂದ ತಳದ ನಡುವಿಗೆ ಹೋಗಬೇಕು. ಬಟ್ಟಲು ಕಡೆದು ಪಳಗಿದ ಕೈ ಭರಣಿಯಲ್ಲೂ ಅದೇ ದಿಕ್ಕಿಗೆ ಹೋಗುತ್ತದೆ, ತಳದಲ್ಲಿ ಸಣ್ಣ ಸಣ್ಣ ಗುಂಡಿ ಬೀಳುತ್ತವೆ. ಬಟ್ಟಲಿನಲ್ಲಿ ಎದುರು ಬದುರು ಎರಡೇ ಜಾಗದಲ್ಲಿ ಕಿತ್ತಿದ್ದರೆ ಹೆದರಬೇಡಿ. ಅಲ್ಲಿ ನಾರಿನ ತುದಿಗಳು ಮೇಲೆದ್ದು ಬರುತ್ತವೆ. ಸ್ವಲ್ಪ ನೀರು ಸವರಿ, ಆಗತಾನೆ ಸಾಣೆ ಹಿಡಿದ ಉಳಿಯಲ್ಲಿ ತೀರಾ ತೆಳುವಾಗಿ ಒಂದು ಕೊನೆಯ ಸುತ್ತು ಹಾಕಿ.

ತಳದ ನಟ್ಟನಡುವೆ ಮೊಲೆಯ ಹಾಗೆ ಸಣ್ಣ ಗುಬುಟು ಉಳಿದಿದ್ದರೆ ಉಳಿಯ ತುದಿ ನಡುಬಿಂದುವಿಗೆ ತಲುಪಿಲ್ಲ. ಒಂದೋ ಎತ್ತರ ಸರಿಯಿಲ್ಲ, ಇಲ್ಲವೇ ತುದಿ ನಡುವಿನ ತನಕ ಹೋಗಿಲ್ಲ. ತಳಕ್ಕೆ ಬಂದಾಗ ತುದಿಯನ್ನು ಸರಿಯಾಗಿ ನಡುಗೆರೆಗೇ ತನ್ನಿ.

ಬಿರುಕು

ಬಿರುಕು ಎಲ್ಲಿಂದ ಹೊರಟಿದೆ, ಯಾವ ಆಕಾರದಲ್ಲಿದೆ ಅನ್ನುವುದರಲ್ಲೇ ಕಾರಣ ಸಿಗುತ್ತದೆ.

ತಳದ ನಡುವಿನಿಂದ ನಕ್ಷತ್ರದ ಹಾಗೆ ಹರಡಿದ್ದರೆ ತಿರುಳಿನ ಕೆಲಸ. ಕೊಂಬೆಯ ನಡುವೆ ಇರುವ ಆ ಮೆದು ಬಿಂದುವಿನ ಸುತ್ತ ಮರ ಸುತ್ತಳತೆಯ ಕಡೆಗೆ ಜಾಸ್ತಿ ಕುಗ್ಗುತ್ತದೆ, ನಡುವಿನ ಕಡೆಗೆ ಅದರ ಸುಮಾರು ಅರ್ಧದಷ್ಟು ಮಾತ್ರ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ಈ ಹೊಂದಾಣಿಕೆ ಇಲ್ಲದ ಕುಗ್ಗುವಿಕೆ ತಿರುಳಿನ ಹತ್ತಿರ ಸೀಳುತ್ತದೆ. ಸಣ್ಣ ಆಟಿಕೆಯಲ್ಲಿ ತಿರುಳು ನಡುವೆ ಬಂದರೂ ಬಹಳ ಸಲ ನಡೆದುಹೋಗುತ್ತದೆ, ಪಾತ್ರೆಯ ತಳದಲ್ಲಿ ನಡೆಯುವುದಿಲ್ಲ. ದಿಮ್ಮಿಯನ್ನು ತಿರುಳಿನ ಮೇಲೆ ಸೀಳಿ, ತಿರುಳು ಬಿಟ್ಟ ಭಾಗದಿಂದ ಪಾತ್ರೆ ತೆಗೆಯಿರಿ. ಸಣ್ಣ ಕೊಂಬೆಯೇ ಇರುವುದಾದರೆ ತಳವನ್ನು ಬೇರೆ ಮರದಲ್ಲಿ ಕಡೆದು ಕೂರಿಸಿ.

ಗೋಡೆಯಲ್ಲಿ ನಾರಿನ ಉದ್ದಕ್ಕೆ ನೇರವಾಗಿ ಸೀಳಿದ್ದರೆ ಒಣಗುವಿಕೆ ಸಮ ಇರಲಿಲ್ಲ. ಆ ಸಿಲ್ವರ್ ಓಕ್ ಹೂದಾನಿಯಲ್ಲಿ ಆದದ್ದು ಇದೇ. ಹಸಿಮರಕ್ಕೆ ಎರಡೇ ದಾರಿ. ಒಂದೋ ಒಂದೇ ದಿನದಲ್ಲಿ ಪೂರ್ತಿ 5-6 ಮಿ.ಮೀ. ಗೋಡೆಗೆ ತಂದು ಮುಗಿಸಿ, ಅದು ಒಣಗುತ್ತಾ ಸೊಟ್ಟಗಾದರೆ ಆಗಲಿ ಎಂದು ಬಿಡುವುದು. ಇಲ್ಲವೇ ವ್ಯಾಸದ ಹತ್ತನೇ ಒಂದು ಪಾಲಿನಷ್ಟು ಗೋಡೆ ಬಿಟ್ಟು ಒರಟಾಗಿ ಕಡೆದು ಒಣಗಿಸಿ, ಆಮೇಲೆ ಮತ್ತೆ ಲೇತ್‌ಗೆ ಏರಿಸುವುದು. 200 ಮಿ.ಮೀ. ಬಟ್ಟಲಿಗೆ 20 ಮಿ.ಮೀ. ಗೋಡೆ, ತಳವೂ ಅಷ್ಟೇ. ಒರಟು ಬಟ್ಟಲನ್ನು ಕಾಗದದ ಚೀಲದಲ್ಲಿ ಸುತ್ತಿ ಗಾಳಿ ನೇರ ಬಡಿಯದ ಕಡೆ ಇಡಿ. ವಾರಕ್ಕೊಮ್ಮೆ ತೂಗಿ ತೂಕವನ್ನು ಅದರ ಮೇಲೆಯೇ ಬರೆಯಿರಿ. ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದರ್ಥ. ತಿಂಗಳ ಲೆಕ್ಕ ನಂಬಬೇಡಿ. ಮಲೆನಾಡಿನ ಮುಂಗಾರಿನಲ್ಲಿ ತಿಂಗಳುಗಟ್ಟಲೆ ತೂಕ ಇಳಿಯದೆ ಇರಬಹುದು. ಅದೇ ಮರ ಬಯಲುಸೀಮೆಯ ಬೇಸಿಗೆಯಲ್ಲಿ ಕೆಲವೇ ವಾರಕ್ಕೆ ಒಣಗಬಹುದು, ಅವಸರಕ್ಕೆ ಸೀಳಲೂಬಹುದು. ಮಳೆಗಾಲದಲ್ಲಿ ತೂಕ ನಿಂತ ಪಾತ್ರೆಯನ್ನು ಬೇಸಿಗೆಯಲ್ಲಿ ಮತ್ತೆ ತೂಗಿ ನೋಡಿ.

ಬಿರುಕು ಕೂದಲಿನಷ್ಟು ಸಣ್ಣದಾಗಿ, ಮೇಲ್ಮೈಯಲ್ಲಿ ಮಾತ್ರ ಇದ್ದರೆ ಶಾಖದ ಕೆಲಸ. ಜೋರಾಗಿ ಉಪ್ಪುಕಾಗದ ಒತ್ತಿದರೆ ಮರ ಬಿಸಿಯಾಗುತ್ತದೆ. ಅರಗು ಹಚ್ಚುವಾಗಲೂ ಅಷ್ಟೇ. ಚನ್ನಪಟ್ಟಣದ ಪದ್ಧತಿಯಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಶಾಖಕ್ಕೇ ಅರಗು ಕರಗಿ ಹರಡುತ್ತದೆ. ತೆಳು ಗೋಡೆಯ ಮೇಲೆ ಹಾಗೆ ಒತ್ತಿದರೆ ಗೋಡೆ ಬಗ್ಗುತ್ತದೆ, ಕಾಯುತ್ತದೆ, ಬಿರಿಯುತ್ತದೆ. ಚೆನ್ನಾಗಿ ಒಣಗಿದ ಮರವಾದರೆ ಹೊರಮೈ ಕಡೆದು, ಒಳಗೆ ಇನ್ನೂ ಗಟ್ಟಿ ಮರ ಇರುವಾಗಲೇ ಅರಗು ಹಚ್ಚಿ, ಕೇದಗೆ ಗರಿಯಲ್ಲಿ ಹೊಳಪು ಕೊಟ್ಟು, ಆಮೇಲೆ ಒಳಗು ಕೊರೆಯುವುದು ಒಳ್ಳೆಯದು ಎಂದು ನನಗನಿಸುತ್ತದೆ.

ಮುಚ್ಚಳ ಕೂರದಿದ್ದರೆ

ಭರಣಿ ಮುಗಿಸಿದ ದಿನ ಮುಚ್ಚಳ ಟಪ್ಪೆಂದು ಕೂತಿತ್ತು, ವಾರ ಕಳೆದ ಮೇಲೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಬಾಯಿಯನ್ನು ಅಡ್ಡಕ್ಕೂ ಉದ್ದಕ್ಕೂ ಅಳೆದು ನೋಡಿ. ಎರಡು ಅಳತೆ ಬೇರೆ ಬಂದರೆ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿದೆ. ಒಣಗಿದ ಮರವೂ ಒಳಗು ತೋಡಿದಾಗ ಹೀಗೆ ಕದಲುತ್ತದೆ. ಒಳಗಿದ್ದ ಬಿಗಿತ ಬಿಟ್ಟುಕೊಳ್ಳುತ್ತದೆ, ಹೊಸದಾಗಿ ತೆರೆದ ಮೈ ಇನ್ನಷ್ಟು ತೇವ ಬಿಡುತ್ತದೆ.

ಹಾಗಾಗಿ ಭರಣಿ ಮತ್ತು ಮುಚ್ಚಳ ಎರಡನ್ನೂ ಎರಡು ಮೂರು ಮಿ.ಮೀ. ಜಾಸ್ತಿ ದಪ್ಪ ಬಿಟ್ಟು ತೋಡಿ ಒಂದೆರಡು ವಾರ ಎತ್ತಿಡಿ. ಆಮೇಲೆ ಚಕ್ಕಿಗೆ ಏರಿಸಿ ಬಾಯನ್ನು ಮತ್ತೆ ದುಂಡು ಮಾಡಿ, ಅದಕ್ಕೆ ಮುಚ್ಚಳ ಹೊಂದಿಸಿ. ಎರಡನ್ನೂ ಒಂದೇ ತುಂಡಿನಿಂದ ತೆಗೆದು, ನಾರಿನ ಗೆರೆಗಳು ಕೂಡುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಟ್ಟರೆ ಇನ್ನೂ ಒಳ್ಳೆಯದು. ಮುಂದೆ ಕುಗ್ಗಿದರೂ ಎರಡೂ ಒಂದೇ ದಿಕ್ಕಿಗೆ ಕುಗ್ಗುತ್ತವೆ. ಕೂರಿಸಿದ ಮೇಲೆ ಆ ಗುರುತು ಸೇರಿಸಿ ಮುಚ್ಚಿ ನೋಡಿ, ಆಮೇಲೆ ಕಾಲು ಸುತ್ತು ತಿರುಗಿಸಿ ನೋಡಿ. ಗುರುತು ಸೇರಿದಾಗ ಸಲೀಸು, ತಿರುಗಿಸಿದಾಗ ಬಿಗಿ ಅನಿಸಿದರೆ ಮರ ಇನ್ನೂ ಕದಲುತ್ತಿದೆ. ಅರಗು ಹಚ್ಚದೆ ಇನ್ನೊಂದು ವಾರ ಬಿಡಿ.